ಕ್ಷೌರದ ಕತ್ತಿಯ ‘ಪಿನ್’: ಕೀಲೋ, ಮೊಳೆಯೋ?

ಎಲ್ಲರಿಗೂ ನಮಸ್ಕಾರ. ಮಡಚುವ ಕ್ಷೌರದ ಕತ್ತಿಯ ಭಾಗಗಳಿಗೆ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳೋಕೆ ಬರೆಯುತ್ತಿದ್ದೇನೆ.

ಮದ್ದೂರಿನ ಹತ್ತಿರ ನಮ್ಮೂರ ಮನೆಯ ಅಟ್ಟದಲ್ಲಿ ತಾತನ ಕತ್ತಿ ಸಿಕ್ಕಿತು. ಬುಡದಲ್ಲಿ ಶೆಫೀಲ್ಡ್ (ಚಾಕು, ಕತ್ತಿಗಳಿಗೆ ಹೆಸರಾದ ಇಂಗ್ಲೆಂಡಿನ ಊರು) ಅಂತ ಅಚ್ಚಿದೆ. ಅಲಗು ಚೆನ್ನಾಗಿದೆ, ಕೊಂಬಿನ ಹಿಡಿ ಮಾತ್ರ ಒಡೆದಿತ್ತು. ಮೈಸೂರಿಗೆ ತಂದು ಬೀಟೆ ಮರದಲ್ಲಿ ಹೊಸ ಹಿಡಿ ಮಾಡಿದೆ. ಹೇಗೆ ಮಾಡಿದೆ ಅನ್ನೋದನ್ನು ಈಗ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ತಾತನ ಕತ್ತಿ ಇಟ್ಟುಕೊಂಡವರು ಬೇರೆ ಮನೆಗಳಲ್ಲೂ ಇರುತ್ತಾರೆ ಅಲ್ವಾ?

ಹಿಡಿಯ ಎರಡು ಪಟ್ಟಿಗಳಿಗೆ ಇಂಗ್ಲಿಷಿನಲ್ಲಿ ‘ಸ್ಕೇಲ್ಸ್’ ಅಂತಾರೆ. ಇದು ಅಳತೆಯ ಸ್ಕೇಲಲ್ಲ, ತಕ್ಕಡಿಯೂ ಅಲ್ಲ. ಚಿಪ್ಪು, ಸಿಪ್ಪೆ ಅನ್ನೋ ಅರ್ಥದ ಹಳೆಯ ಮಾತಿನಿಂದ ಬಂದದ್ದು. ನನಗೆ ‘ಬೇಳೆ’ ಹೊಳೆಯಿತು. ಕಾಳು ಒಡೆದರೆ ಎರಡು ಬೇಳೆ, ಒಳಗೆ ಚಪ್ಪಟೆ, ಹೊರಗೆ ಉಬ್ಬು. ಈ ಪಟ್ಟಿಗಳೂ ಹಾಗೇ ಇವೆ. ಸದ್ಯಕ್ಕೆ ‘ಬೇಳೆ’ ಅಂತಲೇ ಬರೆಯುತ್ತೇನೆ.

ನಿಜವಾದ ತೊಡಕು ‘ಪಿನ್’ನಲ್ಲಿ. ಕತ್ತಿಗೆ ಸಾಮಾನ್ಯವಾಗಿ ಎರಡು ಪಿನ್, ಕೆಲವಕ್ಕೆ ನಡುವೆ ಮೂರನೆಯದೂ ಉಂಟು. ಒಂದು ಅಲಗಿನ ಬುಡದ ತೂತಿನಲ್ಲಿ ಹಾದು ಹೋಗುತ್ತದೆ, ಅಲಗು ತಿರುಗುವುದು ಅದರ ಮೇಲೆ. ಇನ್ನೊಂದು ಹಿಡಿಯ ಬಾಲದಲ್ಲಿದೆ. ಅಲ್ಲಿ ಎರಡು ಬೇಳೆಗಳ ನಡುವೆ ಒಂದು ಬೆಣೆ ಇರುತ್ತದೆ (ಹಳೆಯ ಶೆಫೀಲ್ಡ್ ಕತ್ತಿಗಳಲ್ಲಿ ಎಷ್ಟೋ ಸಲ ಸೀಸದ್ದು). ಆ ಬೆಣೆಯನ್ನು ಬಿಗಿಯಾಗಿ ಹಿಡಿದು ಕೂರುವುದಷ್ಟೇ ಈ ಪಿನ್ನಿನ ಕೆಲಸ.

ಇಂಗ್ಲಿಷಿಗೆ ಎರಡೂ ಪಿನ್ನೇ. ಕನ್ನಡದಲ್ಲಿ ಮೊದಲನೆಯದು ಕೀಲು, ಎರಡನೆಯದು ಮೊಳೆ ಅಂತ ನನ್ನ ಅನಿಸಿಕೆ. ಕೀಲು ಅಂದ ಕೂಡಲೇ ಅಲ್ಲಿ ಏನೋ ತಿರುಗುತ್ತೆ, ಮಡಚುತ್ತೆ ಅಂತ ಗೊತ್ತಾಗುತ್ತದೆ. ಮೊಣಕಾಲಿನ ಕೀಲು, ಕೀಲುಗೊಂಬೆ, ಗಾಡಿಯ ಕೀಲೆಣ್ಣೆ ನೋಡಿ. ಮೊಳೆ ಹಾಗಲ್ಲ. ಹೊಡೆದ ಮೇಲೆ ಅದು ಅಲ್ಲಾಡಬಾರದು.

ಇದು ಬರೀ ಮಾತಿನ ವಿಷಯ ಅಲ್ಲ. ಮೊದಲ ಸಲ ಎರಡನ್ನೂ ಮೊಳೆ ಅಂದುಕೊಂಡೇ ಹೊಡೆದೆ. ಅಲಗಿನ ಕಡೆಯದನ್ನೂ ಅಷ್ಟೇ ಬಿಗಿ ಮಾಡಿದೆ. ಅಲಗು ಕಚ್ಚಿಕೊಂಡಿತು. ತೆರೆಯೋಕೆ ಸ್ವಲ್ಪ ಒತ್ತಿದ್ದೇ ತಡ, ತೂತಿನಿಂದ ಅಂಚಿನವರೆಗೆ ಬೀಟೆ ಮರ ಕೂದಲೆಳೆಯಷ್ಟು ಸೀಳಿತು. ಕೀಲು ಅಂದುಕೊಂಡಿದ್ದರೆ ಅಷ್ಟು ಬಿಗಿ ಮಾಡುತ್ತಿರಲಿಲ್ಲ.

ನೆಂಟರೊಬ್ಬರು ‘ಕಡಾಣಿ’ ಅನ್ನಿ ಅಂದರು. ಮಾತು ಚೆನ್ನಾಗಿದೆ, ಆದರೆ ಗಾಡಿಯ ಕಡಾಣಿಯನ್ನು ಬೇಕಾದಾಗ ಕಿತ್ತು ಚಕ್ರ ಕಳಚಬಹುದು. ಕತ್ತಿಯ ಕೀಲು ಹಾಗೆ ಬರುವುದಿಲ್ಲ. ಸುತ್ತಿಗೆಯಿಂದ ತಟ್ಟಿ ಅಗಲ ಮಾಡಿದ ಅದರ ತಲೆಯನ್ನು ಅರದಿಂದ ಉಜ್ಜಿ ತೆಗೆಯಲೇಬೇಕು.

ಪಿನ್ನಿಗೆ ಹಾಕುವ ವಾಷರ್ ಅಂದರೆ ಮೈಸೂರಿನ ಸಂತೇಪೇಟೆಯ ಯಾವ ಅಂಗಡಿಯವರಿಗೂ ಗೊತ್ತು. ಆದರೆ ಇಲ್ಲೂ ಎರಡು ಬಗೆ. ಬೇಳೆಯ ಹೊರಗೆ ಕಾಣುವುದು ಪುಟ್ಟದು, ಸ್ವಲ್ಪ ಉಬ್ಬಿದ್ದು. ಕೀಲಿನ ತಲೆಯ ಒತ್ತಡವನ್ನು ಅದು ಹರಡುತ್ತದೆ, ಮರವೋ ಕೊಂಬೋ ಸೀಳದ ಹಾಗೆ ಕಾಯುತ್ತದೆ. ಅದಕ್ಕೆ ‘ಬಿಲ್ಲೆ’ ಸಾಕು. ಇನ್ನೊಂದು ತೆಳ್ಳಗಿನದು, ಅಲಗಿನ ಬುಡಕ್ಕೂ ಬೇಳೆಗೂ ನಡುವೆ ಕೂರುತ್ತದೆ. ಇದಿದ್ದರೆ ಬುಡ ಬೇಳೆಗೆ ಉಜ್ಜುವುದಿಲ್ಲ, ಮಡಚಿದಾಗ ಅಲಗು ನಡುವಿಗೆ ಬರುತ್ತದೆ. ‘ಒಳಬಿಲ್ಲೆ’ ಅನ್ನಬಹುದಾ?

ಲೋಹದ ಹೆಸರಲ್ಲೂ ಒಂದು ಎಚ್ಚರಿಕೆ ಬೇಕು. ಪಿನ್ನಿಗೆ ಹೆಚ್ಚಾಗಿ ಬಳಸುವುದು 1/16 ಇಂಚಿನ, ಅಂದರೆ ಸುಮಾರು 1.6 ಮಿ.ಮೀ. ದಪ್ಪದ ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್ ಕಡ್ಡಿ. ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ‘ನಿಕ್ಕಲ್ ಸಿಲ್ವರ್’ ಅಂತ ಇರುತ್ತದೆ. ಅದನ್ನು ‘ನಿಕ್ಕಲ್ ಬೆಳ್ಳಿ’ ಅಂತ ಮಾಡಬೇಡಿ. ಅದರಲ್ಲಿ ತಾಮ್ರ, ನಿಕ್ಕಲ್, ಸತು ಇವೆ, ಬೆಳ್ಳಿ ಚೂರೂ ಇಲ್ಲ. ಪೂಜೆ ಸಾಮಾನಿನ ಅಂಗಡಿಯಲ್ಲಿ ಹೇಳುವ ‘ಜರ್ಮನ್ ಸಿಲ್ವರ್’ ಅನ್ನೋ ಹೆಸರೇ ಇರಲಿ. ಉಕ್ಕಿನ ಕಡ್ಡಿ ಬೇಡ. ತಟ್ಟಿದರೆ ತಲೆ ಸುಲಭವಾಗಿ ಮೂಡುವುದಿಲ್ಲ, ನೀರು ತಾಗಿದರೆ ತುಕ್ಕು.

ಕೊನೆಗೆ ಕ್ರಿಯಾಪದ. ಬಿಲ್ಲೆಯ ಮೇಲೆ ಸಾಸಿವೆಯ ಅರ್ಧದಷ್ಟು ಕಡ್ಡಿ ಬಿಟ್ಟು, ಗುಂಡುತಲೆಯ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಬೇಕು. ಜೋರಾಗಿ ಹೊಡೆದರೆ ಕಡ್ಡಿ ಒಳಗೇ ಬಾಗುತ್ತದೆ. ನಾಲ್ಕು ಸಲ ಈ ಕಡೆ, ತಿರುಗಿಸಿ ನಾಲ್ಕು ಸಲ ಆ ಕಡೆ. ನಿಧಾನವಾಗಿ ಅಂಚು ಹೊರಗೆ ಸರಿದು, ತಲೆ ಗುಂಡಗಾಗಿ ಬಿಲ್ಲೆಯನ್ನು ಹಿಡಿಯುತ್ತದೆ. ಇಂಗ್ಲಿಷಿನವರು ಇದಕ್ಕೆ ‘ಪೀನ್’ ಅಂತಾರೆ, ಹುಲ್ಲು ಕೊಯ್ಯುವ ಕತ್ತಿಯ ಬಾಯಿಯನ್ನು ಬಡಿದು ತೆಳುವಾಗಿಸುವುದಕ್ಕೂ ಅದೇ ಮಾತು. ನಮ್ಮಲ್ಲಿ ಕುಡುಗೋಲು ಮೊಂಡಾದರೆ ಕುಲುಮೆಗೆ ಒಯ್ದು ಹಣಿಸುತ್ತಾರೆ. ಹಾಗಾಗಿ ‘ಕೀಲು ಹಣಿಯುವುದು’ ಅಂತ ಬರೆದೆ. ಆಮೇಲೆ ಆ ತಲೆ ನೋಡುತ್ತಿದ್ದರೆ ‘ಅರಳಿಸುವುದು’ ಇನ್ನೂ ಸರಿ ಅನಿಸಿತು. ಹಣಿಯುವುದು ಸುತ್ತಿಗೆಯ ಕೆಲಸ, ಅರಳುವುದು ಲೋಹದ್ದು. ಹೊಸಬರಿಗೆ ಯಾವುದು ಬೇಗ ತಿಳಿಯುತ್ತೆ?

ಈಗ ಸೆಲೂನುಗಳಲ್ಲಿ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಯೇ ಜಾಸ್ತಿ. ಹಳೆಯ ಕತ್ತಿಯನ್ನು ಮಸೆದು, ಕೀಲು ಸಡಿಲವಾದಾಗ ತಾವೇ ತಟ್ಟಿಕೊಳ್ಳುತ್ತಿದ್ದ ಹಿರಿಯರು ಮಂಡ್ಯ, ಮೈಸೂರು ಕಡೆ ಇನ್ನೂ ಇದ್ದಾರೆ. ಕ್ಷೌರ ವೃತ್ತಿಯ ಮನೆಯಿಂದ ಬಂದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ನಿಮ್ಮ ಮನೆಯಲ್ಲಿ ದೊಡ್ಡವರು ಆ ಎರಡು ಪಿನ್ನುಗಳನ್ನು ಏನಂತ ಕರೆಯುತ್ತಿದ್ದರು? ಒಂದೇ ಹೆಸರಿತ್ತಾ, ಎರಡಿತ್ತಾ?