ಆಡಿಟ್ ವರದಿಯ ‘ಹೈ’ಯನ್ನು ‘ಲೋ’ ಮಾಡಿ ಎನ್ನುತ್ತಾರೆ, ಏನು ಮಾಡಲಿ?

ಪೆರ್ಲದವ:
ಪೆರ್ಲದ ಮನೆಯಿಂದಲೇ ಒಂದು ಸೈಬರ್ ಭದ್ರತಾ ಕಂಪನಿಗೆ ಕೆಲಸ ಮಾಡುತ್ತೇನೆ. ಕಂಪನಿ, ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಒಪ್ಪಿದ ಆಡಿಟರುಗಳ ಪಟ್ಟಿಯಲ್ಲಿದೆ. ಸರ್ಕಾರಿ ಜಾಲತಾಣಗಳಿಗೆ ಇಂಥ ಕಂಪನಿಯ ಆಡಿಟ್ ಬೇಕು. ನಮ್ಮ ಅನ್ನದ ಬಹುಪಾಲು ಅಲ್ಲಿಂದಲೇ ಬರುತ್ತದೆ.

ಈಚೆಗೆ ಒಂದು ಇಲಾಖೆಯ ಫಲಾನುಭವಿಗಳ ತಾಣವನ್ನು ಪರೀಕ್ಷಿಸಿದೆ. ಲಿಂಕ್‌ನ ಕೊನೆಯಲ್ಲಿರುವ ಸಂಖ್ಯೆಯನ್ನು ಒಂದು ಹೆಚ್ಚಿಸಿದರೆ ಸಾಕು, ಮುಂದಿನವರ ಅರ್ಜಿ ತೆರೆಯುತ್ತದೆ. ಹೆಸರು, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ. ಲಾಗಿನ್ ಕೇಳುವುದೇ ಇಲ್ಲ. ಯಾರೋ ಅಜ್ಜಿಯ ಪಾಸ್‌ಬುಕ್ಕಿನ ಮೇಲಿನ ಅರಿಸಿನದ ಕಲೆ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ವರದಿಯಲ್ಲಿ ದೋಷದ ಗಂಭೀರತೆ ‘ಹೈ’ ಎಂದು ಬರೆದೆ. ಮ್ಯಾನೇಜರ್ ಫೋನ್ ಮಾಡಿ, ಚುನಾವಣೆ ಹತ್ತಿರವಿದೆ, ಇದು ವಿರೋಧ ಪಕ್ಷದವರ ಕೈಗೆ ಸಿಕ್ಕಿದರೆ ಮುಂದಿನ ಟೆಂಡರ್ ಮರೆಯಬೇಕಾಗುತ್ತದೆ, ‘ಲೋ’ ಮಾಡಿ ಎಂದರು.

ಇನ್ನೊಂದು ವಿಷಯ. ಮುಂದಿನ ತಿಂಗಳು ಕಾಲೇಜೊಂದರಲ್ಲಿ ಮೊಬೈಲ್ ಭದ್ರತೆಯ ಬಗ್ಗೆ ಮಾತನಾಡಲಿಕ್ಕಿದೆ. ಫೋನಿನೊಳಗೆ ಸೇರಿ ಬೇಹುಗಾರಿಕೆ ಮಾಡುವ ಪೆಗಾಸಸ್ ತಂತ್ರಾಂಶದ ಕುರಿತ ಸ್ಲೈಡನ್ನು ನಿನ್ನೆ ನಾನೇ ತೆಗೆದೆ. ಯಾರೂ ತೆಗೆಯಲು ಹೇಳಿರಲಿಲ್ಲ. ನಿಮಗೂ ಹೀಗಾಗುತ್ತದೆಯೇ?

ಹೊಸೂರಿನಿಂದ:
ಆಗುತ್ತದೆ. ಅಮೆರಿಕದಲ್ಲೂ ಆಗಿದೆ. 2020ರ ಚುನಾವಣೆ ಸುರಕ್ಷಿತವಾಗಿತ್ತು ಎಂದ, ಅಲ್ಲಿನ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆಯ ಮುಖ್ಯಸ್ಥ ಕ್ರಿಸ್ ಕ್ರೆಬ್ಸ್ ಅವರನ್ನು ಟ್ರಂಪ್ ಆಗಲೇ ಹುದ್ದೆಯಿಂದ ತೆಗೆದರು. ಅಷ್ಟಕ್ಕೇ ಮುಗಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಸರ್ಕಾರದ ರಹಸ್ಯ ಮಾಹಿತಿ ನೋಡಲು ಅವರಿಗಿದ್ದ ಭದ್ರತಾ ಅನುಮತಿ ರದ್ದುಮಾಡುವ ಆದೇಶ ಬಂತು. ಜೊತೆಗೆ ಅವರು ಆಗ ಇದ್ದ ಸೆಂಟಿನೆಲ್‌ಒನ್ ಎಂಬ ಸೈಬರ್ ಭದ್ರತಾ ಕಂಪನಿಯವರ ಅನುಮತಿಯನ್ನೂ ತಡೆಹಿಡಿಯಲು ಹೇಳಲಾಯಿತು. ಒಂದು ವಾರದಲ್ಲಿ ಕ್ರೆಬ್ಸ್ ರಾಜೀನಾಮೆ ಕೊಟ್ಟರು. ಏಟು ಬೀಳುವುದು ಪಕ್ಕದ ಮೇಜಿನವರ ಸಂಬಳಕ್ಕೆ ಎಂದು ಗೊತ್ತಾದರೆ ಯಾರು ಬಾಯಿ ತೆರೆಯುತ್ತಾರೆ? ನಿಮ್ಮ ಮ್ಯಾನೇಜರರ ಟೆಂಡರ್ ಮಾತೂ ಅದೇ ಜಾತಿಯದು.

ವರದಿಯ ವಿಷಯದಲ್ಲಿ ವಾದಕ್ಕೆ ಇಳಿಯಬೇಡಿ, ಲೆಕ್ಕ ತೋರಿಸಿ. ಇಂಟರ್ನೆಟ್ಟಿನಿಂದಲೇ ತಲುಪಬಹುದು, ಲಾಗಿನ್ ಬೇಡ, ಬಳಕೆದಾರ ಏನನ್ನೂ ಒತ್ತಬೇಕಿಲ್ಲ, ಗೋಪ್ಯತೆಗೆ ಪೂರ್ಣ ಧಕ್ಕೆ: ದೋಷದ ಗಂಭೀರತೆಗೆ ಹತ್ತರೊಳಗೆ ಅಂಕ ಕೊಡುವ ಸಿವಿಎಸ್‌ಎಸ್ 3.1 ಪದ್ಧತಿಯಲ್ಲಿ ಇದಕ್ಕೆ 7.5. ‘ಲೋ’ ಎಂದರೆ 3.9ರ ಒಳಗಿರಬೇಕು. ಯಾವ ಅಂಶವನ್ನು ಕಡಿಮೆ ಮಾಡಲಿ ಎಂದು ಮೇಲ್‌ನಲ್ಲಿ ಕೇಳಿ.

ಮಂಜೇಶ್ವರ ೭೧:
ಎಲ್ಲದಕ್ಕೂ ರಾಜಕೀಯದ ಬಣ್ಣ ಹಚ್ಚಬೇಡಿ ಮಾರಾಯರೇ. ನಾನು ಕಂಡ ಮ್ಯಾನೇಜರುಗಳಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಮರುಪರೀಕ್ಷೆ ತಪ್ಪಿಸುವುದು. ಚುನಾವಣೆ ಒಂದು ನೆಪ. ಆದರೆ ಸ್ಲೈಡ್ ತೆಗೆದದ್ದೇಕೆ? ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ 29 ಫೋನ್ ಪರೀಕ್ಷಿಸಿತು, 5ರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ, ಸರ್ಕಾರ ಸಹಕರಿಸಲಿಲ್ಲ. 2022ರಲ್ಲಿ ತೆರೆದ ನ್ಯಾಯಾಲಯದಲ್ಲೇ ಹೇಳಿದ ಮಾತಿದು. ಹಾಗೆಯೇ ಹಾಕಿ.

ಕಾಸರಗೋಡಿನ ವಕೀಲ:
ಮೊದಲು ನಿಮ್ಮ ಕೆಲಸದ ಆದೇಶ ತೆಗೆದು ನೋಡಿ. ಆ ತಾಣದ ಹೆಸರು ಅದರಲ್ಲಿದ್ದರೆ ನೀವು ಗಟ್ಟಿ. ಇಲ್ಲದಿದ್ದರೆ ಅನುಮತಿಯಿಲ್ಲದೆ ಒಳಹೊಕ್ಕದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 43 ಮತ್ತು 66ನೇ ಕಲಂಗಳಿವೆ. ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಒಳ್ಳೆಯ ಉದ್ದೇಶವಿತ್ತು ಎಂದು ಪೊಲೀಸರು ಸುಮ್ಮನಾಗುತ್ತಾರೆ ಎಂದು ನೆಚ್ಚಬೇಡಿ. ಮತಯಂತ್ರದ ದೋಷ ತೋರಿಸಿದ ಹರಿಪ್ರಸಾದರನ್ನು 2010ರಲ್ಲಿ ಯಂತ್ರದ ಕಳವಿನ ಪ್ರಕರಣದಲ್ಲಿ ಹೈದರಾಬಾದಿನಿಂದ ಹಿಡಿದೊಯ್ದರು. 2018ರಲ್ಲಿ ಐನೂರು ರೂಪಾಯಿಗೆ ಆಧಾರ್ ವಿವರ ಸಿಗುತ್ತದೆ ಎಂದು ಬರೆದ ವರದಿಗಾರ್ತಿಯ ಹೆಸರೂ ಎಫ್‌ಐಆರ್‌ಗೆ ಸೇರಿತ್ತು. ನಿಮ್ಮ ಭಯಕ್ಕೆ ಆಧಾರವಿಲ್ಲ ಎಂದು ನಾನು ಹೇಳುವುದಿಲ್ಲ.

ಪೆರ್ಲದವ:
ಆದೇಶದಲ್ಲಿ ತಾಣದ ಹೆಸರಿದೆ. ಹೊಸೂರಿನವರು ಹೇಳಿದಂತೆ ಮೇಲ್ ಕಳುಹಿಸಿದೆ. ಮೇಲ್‌ಗೆ ಉತ್ತರವಿಲ್ಲ, ಫೋನ್ ಬಂತು. ‘ಹೈ’ ಇರಲಿ, ಯೋಜನೆಯ ಹೆಸರು ಮಾತ್ರ ತೆಗೆಯಿರಿ ಎಂದರು. ಒಪ್ಪಬಹುದೇ?

ಕಾಸರಗೋಡಿನ ವಕೀಲ:
ಯೋಜನೆಯ ಹೆಸರು ಹೋದರೆ ಹೋಗಲಿ, ಲಿಂಕ್ ಬಿಡಬೇಡಿ. ಅದಿಲ್ಲದೆ ಸರಿಪಡಿಸುವವರಿಗೆ ಏನೂ ತಿಳಿಯುವುದಿಲ್ಲ. ಆ ಫೋನಿನ ಮಾತನ್ನು ‘ನೀವು ತಿಳಿಸಿದಂತೆ’ ಎಂದು ಮತ್ತೊಂದು ಮೇಲ್‌ನಲ್ಲಿ ಬರೆದು ಕಳುಹಿಸಿ. ಅಜ್ಜಿಯ ಪಾಸ್‌ಬುಕ್ಕಿನ ಚಿತ್ರ ಲಗತ್ತಿಸಿದ್ದರೆ ಹೆಸರು, ಖಾತೆ ಸಂಖ್ಯೆ ಅಳಿಸಿ.