ಚೀಟಿ ಬರೆದುಕೊಂಡು ಸಂತೆಗೆ ಹೋಗಬೇಡಿ

ಕೇಳಿದ ಪ್ರಶ್ನೆ

ಮೈಸೂರಿಗೆ ಬಂದು ಮೂರು ತಿಂಗಳಾಯಿತು. ಮೊಬೈಲಿನಲ್ಲಿ ತರಕಾರಿ ತರಿಸುವುದನ್ನು ಬಿಟ್ಟು ರೈತರಿಂದಲೇ ಕೊಳ್ಳೋಣವೆಂದು ಕಳೆದ ಭಾನುವಾರ ಹತ್ತು ಗಂಟೆಗೆ ಸಂತೆಗೆ ಹೋಗಿದ್ದೆ. 800 ರೂಪಾಯಿ ಖರ್ಚಾಯಿತು. ಬುಧವಾರದ ಹೊತ್ತಿಗೆ ಸೊಪ್ಪು ಕೊಳೆತಿತ್ತು, ಬೆಂಡೆಕಾಯಿ ಬರೀ ನಾರು. ಮನೆಯಲ್ಲಿ ಇರುವವರು ಇಬ್ಬರೇ. ಬೆಳೆದವರು ಯಾರು, ವ್ಯಾಪಾರಿ ಯಾರು ಎಂದು ತಿಳಿಯುವುದು ಹೇಗೆ? ಚೌಕಾಸಿ ಮಾಡಬಹುದೇ? ಅನುಭವ ಇದ್ದವರು ದಯವಿಟ್ಟು ಹೇಳಿ.

ನಿವೃತ್ತ ಶಿಕ್ಷಕಿ, ಮೈಸೂರು

ಹತ್ತು ಗಂಟೆಗೆ ಹೋದರೆ ಉಳಿದದ್ದು ಸಿಗುತ್ತದೆ, ಬಂದದ್ದಲ್ಲ. ಆರೂವರೆಗೆ ಎಂ.ಜಿ. ರಸ್ತೆಯ ಮಾರುಕಟ್ಟೆಗೆ ಹೋಗಿ ನೋಡಿ. ಕೊಳ್ಳುವ ಮೊದಲು ಬರಿಗೈಯಲ್ಲಿ ಒಂದು ಸುತ್ತು ಹಾಕಿ.

ಬೆಳೆದವರನ್ನು ಗುರುತಿಸುವುದು ಕಷ್ಟವಲ್ಲ. ಎದುರಿಗೆ ಎಷ್ಟು ಬಗೆ ಇಟ್ಟಿದ್ದಾರೆ ನೋಡಿ. ಕ್ಯಾರೆಟ್, ಹೂಕೋಸು, ಬೀನ್ಸ್, ಬೆಳ್ಳುಳ್ಳಿ ಎಲ್ಲವೂ ಸಾಲಾಗಿ ಇದ್ದರೆ ಅದು ಬಂಡೀಪಾಳ್ಯದ ಎಪಿಎಂಸಿಯಿಂದಲೋ ಬೇರೆ ಮಂಡಿಯಿಂದಲೋ ಬಂದ ಸರಕು. ಅದರಲ್ಲಿ ಮೋಸವೇನೂ ಇಲ್ಲ, ಅವರೂ ದುಡಿಯುವವರೇ. ಆದರೆ ಗೋಣಿತಾಟಿನ ಮೇಲೆ ಎರಡು ಬಗೆ ಕಾಯಿ, ಒಂದು ಸೋರೆ ಉದ್ದ, ಇನ್ನೊಂದು ಗಿಡ್ಡ, ಪಕ್ಕದಲ್ಲಿ ಹಿತ್ತಲ ಗಿಡದ ಏಳೆಂಟು ನಿಂಬೆಹಣ್ಣು ಇದ್ದರೆ ಅಲ್ಲಿ ಕೂರಿ. ನಾನು ಒಬ್ಬ ಅಜ್ಜಿಯ ಬಳಿ ಹನ್ನೊಂದು ವರ್ಷದಿಂದ ಸೊಪ್ಪು ಕೊಳ್ಳುತ್ತಿದ್ದೇನೆ. ಒಂದು ದಿನ ದಂಟು ಕೇಳಿದಾಗ, "ಇವತ್ತು ಬೇಡಮ್ಮ, ಬಲಿತಿದೆ, ಕೀರೆ ತಗೊಳ್ಳಿ" ಎಂದರು. ಅಂದಿನಿಂದ ಚೀಟಿ ಬರೆಯುವುದನ್ನೇ ಬಿಟ್ಟೆ. ಚೀಟಿ ಕೈಯಲ್ಲಿದ್ದರೆ ಕಾರ್ತಿಕ ಮಾಸದಲ್ಲೂ ಮಾವಿನಕಾಯಿ ಹುಡುಕುತ್ತೇವೆ.

ನೀವು ಒಳ್ಳೆಯ ಕಾಲಕ್ಕೆ ಕೇಳಿದ್ದೀರಿ. ಅವರೆಕಾಯಿ ಈಗಷ್ಟೇ ಕಾಣಿಸಿಕೊಳ್ಳುತ್ತಿದೆ. ಮೊದಲ ವಾರದ ಕಾಯಿಗೆ ಆತುರಪಡಬೇಡಿ, ಬೆಲೆ ಹೆಚ್ಚು, ಸೊಗಡು ಕಡಿಮೆ. ಚೆನ್ನಾಗಿ ಇಬ್ಬನಿ ಬೀಳಲಿ. ಡಿಸೆಂಬರ್ ಕೊನೆ, ಜನವರಿಯ ಕಾಯಿಯನ್ನು ಹಿಡಿದರೆ ಬೆರಳಿಗೆ ಎಣ್ಣೆಯ ಹಾಗೆ ಅಂಟುತ್ತದೆ, ಕೈ ತೊಳೆದರೂ ವಾಸನೆ ಬಿಡುವುದಿಲ್ಲ. ಅದೇ ಬೇಕಾದದ್ದು. ಸಿಪ್ಪೆಗೇ ತೂಕ ಹೆಚ್ಚು, ಒಂದು ಕಿಲೋ ಕಾಯಿ ಸುಲಿದರೆ ಅರ್ಧ ಕಿಲೋ ಕಾಳೂ ಬರುವುದಿಲ್ಲ. ಹಿತಕಿದ ಬೇಳೆ ಮಾಡುವ ಆಸೆ ಇದ್ದರೆ ಎರಡು ಕಿಲೋ ತನ್ನಿ, ಸುಲಿಯಲು ಮನೆಯವರನ್ನೂ ಕೂರಿಸಿ. ಅಲ್ಲೊಂದು ಇಲ್ಲೊಂದು ಹುಳು ಸಿಕ್ಕರೆ ಹೆದರಬೇಡಿ.

ಬ್ಯಾಂಕ್ ಉದ್ಯೋಗಿ, ಬೆಂಗಳೂರು

ರೈತ ಎಂದ ಕೂಡಲೇ ಕೈಮುಗಿಯುವವರಿಗೆ ಒಂದು ಮಾತು. "ನಾಟಿ ಟೊಮೆಟೊ" ಎಂದು ಹೆಚ್ಚು ಬೆಲೆ ಕೊಟ್ಟು ತಂದೆ. ಬುಟ್ಟಿಯ ಮೇಲ್ಭಾಗದಲ್ಲಿ ಮಾತ್ರ ನಾಟಿ, ಕೆಳಗೆಲ್ಲ ದಪ್ಪ ಸಿಪ್ಪೆಯ ಹೈಬ್ರಿಡ್. ಈಗ ನಾನೇ ಕೈಹಾಕಿ ಆರಿಸುತ್ತೇನೆ, ಬಿಡದಿದ್ದರೆ ಮುಂದಕ್ಕೆ ಹೋಗುತ್ತೇನೆ. ವಾರದ ದಿನಗಳಲ್ಲಿ ಹಾಪ್‌ಕಾಮ್ಸ್ ಮಳಿಗೆಯೇ ನನಗೆ ಅನುಕೂಲ. ಅದೂ 1959ರಲ್ಲಿ ಆರಂಭವಾದ ಬೆಳೆಗಾರರ ಸಹಕಾರ ಸಂಘವೇ. ಬೆಲೆ ಹಲಗೆಯ ಮೇಲೆ ಬರೆದಿರುತ್ತದೆ, ಚೌಕಾಸಿಯ ಗೋಜಿಲ್ಲ.

ಗೃಹಿಣಿ, ಧಾರವಾಡ

ಚೌಕಾಸಿಯ ವಿಷಯಕ್ಕೆ ಬಂದರೆ, ಒಂದು ಸೂಡಿ ಮೆಂತ್ಯಕ್ಕೆ ಎರಡು ರೂಪಾಯಿ ಕಡಿಮೆ ಮಾಡಿಸಿ ನಾವು ಯಾವ ಮನೆ ಕಟ್ಟಬೇಕಾಗಿದೆ? ಬೆಲೆ ಇಳಿಸುವ ಬದಲು "ಮೇಲೆ ನಾಲ್ಕು ಮೆಣಸಿನಕಾಯಿ ಹಾಕಮ್ಮ" ಎನ್ನಿ. ಇಬ್ಬರಿಗೂ ಸಮಾಧಾನ. ನಮ್ಮ ಕಡೆ ಚಳಿಗಾಲದ ಸಂತೆ ಎಂದರೆ ಹಕ್ಕರಕಿ ಸೊಪ್ಪು, ಜವಾರಿ ಸೌತೆ, ಎಳೆಯ ಮೂಲಂಗಿ, ಹಸಿ ಕಡಲೆ ಗಿಡದ ಕಟ್ಟು. ಹಕ್ಕರಕಿಯನ್ನು ಬೇಯಿಸುವ ಗೊಡವೆಯೇ ಇಲ್ಲ, ಹಾಗೆಯೇ ರೊಟ್ಟಿಯ ಜೊತೆ ತಿನ್ನುವುದು. ಸೀತನಿ, ಅಂದರೆ ಸುಟ್ಟ ಎಳೆ ಜೋಳದ ಕಾಳು, ಕಂಡರೆ ಬಿಡಬೇಡಿ. ಮೈಸೂರಿನಲ್ಲಿ ಕಾಣುವುದು ಅನುಮಾನ, ಇತ್ತ ಬಂದಾಗ ತಿನ್ನಿ.

ತರಕಾರಿ ಬೆಳೆಗಾರ, ನಂಜನಗೂಡು ತಾಲ್ಲೂಕು

ನಾನು ಗೋಣಿತಾಟಿನ ಆ ಬದಿಯಲ್ಲಿ ಕೂರುವವನು. ಬೆಂಗಳೂರಿನವರು ಹೇಳಿದಂಥವರು ನಮ್ಮಲ್ಲೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆರಿಸಿಕೊಳ್ಳಿ, ಬೇಡ ಎನ್ನುವವರಿಂದ ಕೊಳ್ಳಬೇಡಿ. ಆದರೆ ಬೆಂಡೆಕಾಯಿಯ ತುದಿ ಮುರಿಯಬೇಡಿ, ಸೋರೆಕಾಯಿಗೆ ಉಗುರು ಹಾಕಬೇಡಿ. ಹತ್ತು ಜನ ಹಾಗೆ ನೋಡಿ ಹೋದರೆ ಒಂದು ಕಿಲೋ ಬೆಂಡೆ ದನಕ್ಕೇ ಹೋಗುತ್ತದೆ. ಕೇಳಿದರೆ ನಾನೇ ಒಂದು ಮುರಿದು ತೋರಿಸುತ್ತೇನೆ.

ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಬೇಕು. ಹಬ್ಬವೋ ಮದುವೆಯೋ ಬಂದು ಒಂದು ಕೊಯ್ಲು ತಪ್ಪಿದರೆ ಬಲಿತು ನಾರಾಗುತ್ತದೆ. ಆದ್ದರಿಂದ "ಬೆಂಡೆ ಎಳೆಯದೇ?" ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. "ಯಾವಾಗ ಕೊಯ್ದದ್ದು? ಅದಕ್ಕೆ ಮೊದಲು ಯಾವಾಗ?" ಎಂದು ಕೇಳಿ. ಬೆಳೆದವನು ಯೋಚಿಸದೆ ಹೇಳುತ್ತಾನೆ, ಬೆಳೆಯದವನು ತಡವರಿಸುತ್ತಾನೆ.

ಸೊಪ್ಪನ್ನು ನಾವು ಹಿಂದಿನ ದಿನ ಸಂಜೆ ಕಿತ್ತು, ಬಾಡದಿರಲೆಂದು ನೀರು ಚಿಮುಕಿಸಿ ತರುತ್ತೇವೆ. ಅದೇ ಒದ್ದೆ ಕಟ್ಟನ್ನು ನೀವು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಫ್ರಿಜ್ಜಿಗೆ ತಳ್ಳಿದರೆ ಕೊಳೆಯದೆ ಇನ್ನೇನಾಗುತ್ತದೆ? ನಿಮ್ಮ ಸೊಪ್ಪಿಗೆ ಆದದ್ದೂ ಇದೇ ಇರಬೇಕು. ಹಣ ಉಳಿಸಬೇಕೆಂದರೆ ಒಂಬತ್ತೂವರೆಯ ಮೇಲೆ ಬನ್ನಿ, ಊರಿಗೆ ಹೊರಡುವ ಬಸ್ಸಿನ ಹೊತ್ತಿಗೆ ಗುಡ್ಡೆಯ ಲೆಕ್ಕದಲ್ಲಿ ಕೊಟ್ಟುಬಿಡುತ್ತೇವೆ. ಆದರೆ ಅದನ್ನು ಅಂದೇ ಅಡುಗೆ ಮಾಡುವವರು ಮಾತ್ರ ಕೊಳ್ಳಬೇಕು.

ಗೃಹಿಣಿ, ಉಡುಪಿ

ಮನೆಗೆ ಬಂದ ಕೂಡಲೇ ಕಟ್ಟು ಬಿಚ್ಚಿ, ಹಳೆಯ ಪಂಚೆಯ ಮೇಲೆ ಹರಡಿ ನೀರು ಆರಿಸಿ. ಮತ್ತೆ ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಮೂಲಂಗಿಯ ಸೊಪ್ಪನ್ನು ಅಂದೇ ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಗಡ್ಡೆಯ ನೀರನ್ನು ಅದೇ ಹೀರುತ್ತದೆ. ಬದನೆಯ ತೊಟ್ಟು ಹಸಿರಾಗಿರಬೇಕು. ನಮ್ಮ ಮಟ್ಟುಗುಳ್ಳದ ತೊಟ್ಟಿನಲ್ಲಿ ಮುಳ್ಳಿರುತ್ತದೆ, ಹುಷಾರು.

ಕೇಳಿದವರು, ಒಂದು ವಾರದ ಮೇಲೆ

ಎಲ್ಲರಿಗೂ ಧನ್ಯವಾದ. ಇವತ್ತು ಆರು ಮುಕ್ಕಾಲಿಗೆ ಹೋದೆ, ಚೀಟಿ ಇಲ್ಲದೆ. 240 ರೂಪಾಯಿ ಖರ್ಚಾಯಿತು. ಬೆಂಡೆಯವರನ್ನು "ಅದಕ್ಕೆ ಮೊದಲು ಯಾವಾಗ ಕೊಯ್ದದ್ದು?" ಎಂದು ಕೇಳಿದೆ. ಅವರು ನಕ್ಕು, "ಯಾರು ಹೇಳಿಕೊಟ್ಟರು?" ಎಂದರು. ಒಬ್ಬ ಅಕ್ಕ ರಾಗಿ ಹೊಲದ ಬದುವಿನಲ್ಲಿ ಕಿತ್ತದ್ದೆಂದು ನಾಲ್ಕೈದು ಜಾತಿಯ ಎಲೆ ಕಲೆತ ಒಂದು ಕಟ್ಟು ಕೊಟ್ಟರು. ಬೆರಕೆ ಸೊಪ್ಪಂತೆ. ಬಟ್ಟೆಯ ಮೇಲೆ ಹರಡಿದ್ದೇನೆ. ಮುಂದೇನು ಮಾಡಬೇಕೋ ತಿಳಿಯದು.

ನಿವೃತ್ತ ಶಿಕ್ಷಕಿ, ಮೈಸೂರು

ಬಸ್ಸಾರು ಮಾಡಿ. ತೊಗರಿಬೇಳೆ ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಉಪ್ಪು ಹಾಕಿ, ಬೆಂದದ್ದನ್ನು ಬಸಿಯಿರಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಹುಣಸೆಹಣ್ಣು, ಸಾರಿನ ಪುಡಿಯ ಜೊತೆ ಬೆಂದ ಸೊಪ್ಪನ್ನು ಒಂದು ಹಿಡಿ ಸೇರಿಸಿ ರುಬ್ಬಿ. ಅದನ್ನು ಬಸಿದ ನೀರಿಗೆ ಬೆರೆಸಿ ಕುದಿಸಿದರೆ ಸಾರು, ಉಳಿದ ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆ ತಿರುವಲು ಬರದಿದ್ದರೆ ಅನ್ನವಾದರೂ ಸರಿ. ಬಸಿದ ನೀರನ್ನು ಮಾತ್ರ ಚೆಲ್ಲಿಬಿಡಬೇಡಿ, ನನ್ನ ಸೊಸೆ ಮೊದಲ ಸಲ ಹಾಗೆಯೇ ಮಾಡಿದ್ದಳು.