ಪದಚರ್ಚೆ: ಗಿಟ್‌ನ ಬ್ರಾಂಚಿಗೆ ‘ಕವಲು’ ಅಂದರೆ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಡಿಪ್ಲೊಮಾ ಓದುವ ಮಕ್ಕಳಿಗಾಗಿ ಗಿಟ್ (ಕೋಡಿನಲ್ಲಿ ಆದ ಬದಲಾವಣೆಗಳ ಚರಿತ್ರೆಯನ್ನು ಇಟ್ಟುಕೊಳ್ಳುವ ತಂತ್ರಾಂಶ) ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯ ಮಕ್ಕಳು. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿ ಬಂದವರು ಜಾಸ್ತಿ. ಕಮಾಂಡುಗಳು ಇರುವುದು ಇಂಗ್ಲಿಷಿನಲ್ಲಿ, ಅವು ಹಾಗೇ ಇರಲಿ. ಆದರೆ ಕಪ್ಪು ಪರದೆಯಲ್ಲಿ ಕಮಾಂಡು ಟೈಪ್ ಮಾಡಿ ಎಂಟರ್ ಒತ್ತಿದ ಮೇಲೆ ಒಳಗೆ ಏನಾಯಿತು ಅಂತ ಹೇಳುವ ಮಾತು ಕನ್ನಡದಲ್ಲಿ ಇರಬೇಕಲ್ವಾ? ಅಲ್ಲಿ ಬ್ರಾಂಚ್ (ಉಳಿದ ಕೆಲಸಕ್ಕೆ ಧಕ್ಕೆಯಾಗದ ಹಾಗೆ ಬೇರೆಯಾಗಿ ಮುಂದುವರಿಸುವ ಕೋಡಿನ ದಾರಿ) ಅನ್ನುವ ಪದದ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ಅಭಿಪ್ರಾಯ ಬೇಕು.

ಬ್ರಾಂಚ್ ಅಂತಲೇ ಬರೆದುಬಿಡಿ ಅಂತ ಕೆಲವರು ಹೇಳಿದರು. ಆದರೆ ನಮ್ಮ ಕಾಲೇಜುಗಳಲ್ಲಿ “ನಿಂದು ಯಾವ ಬ್ರಾಂಚು?” ಅಂದರೆ ಸಿವಿಲ್ಲೋ ಮೆಕ್ಯಾನಿಕಲ್ಲೋ ಅಂತ ಕೇಳಿದ ಹಾಗೆ. ಅದನ್ನೇ ಪೇಟೆಯಲ್ಲಿ ಕೇಳಿದರೆ ಪಿ.ಜೆ. ಬಡಾವಣೆಯ ಬ್ಯಾಂಕೋ ಮಂಡಿಪೇಟೆಯ ಬ್ಯಾಂಕೋ ಅಂತ ಅರ್ಥ. ಎರಡೂ ಕಡೆ ಬ್ರಾಂಚ್ ಅಂದರೆ ಒಂದು ವಿಭಾಗ, ಅಷ್ಟೇ. ಒಂದೇ ಕಡೆಯಿಂದ ಹೊರಟು ಬೇರೆಯಾಯಿತು ಅನ್ನುವ ಭಾವ ಅದರಲ್ಲಿ ಉಳಿದಿಲ್ಲ. ‘ಶಾಖೆ’ ಅಂದರೂ ಇದೇ ಕಥೆ.

ಕೊಂಬೆ, ರೆಂಬೆ, ಟೊಂಗೆ ಇವುಗಳ ತೊಂದರೆ ಬೇರೆ. ಗಿಟ್‌ಗಿಂತ ಮೊದಲು ಇದೇ ಕೆಲಸಕ್ಕೆ ಬಳಕೆಯಲ್ಲಿದ್ದ ಸಬ್‌ವರ್ಷನ್‌ನಲ್ಲಿ ಟ್ರಂಕ್ ಅಂತ ಒಂದು ಫೋಲ್ಡರ್, ಬ್ರಾಂಚಸ್ ಅಂತ ಇನ್ನೊಂದು ಫೋಲ್ಡರ್ ಇಟ್ಟುಕೊಳ್ಳುವುದು ರೂಢಿ. ಅದಕ್ಕೆ ಬೊಡ್ಡೆ, ಕೊಂಬೆ ಅಂದರೆ ಚೆನ್ನಾಗಿಯೇ ಹೊಂದುತ್ತದೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕಾಗಿ ಬರೆದ ಗಿಟ್‌ನಲ್ಲಿ ಬೊಡ್ಡೆ ಅನ್ನುವುದೇ ಇಲ್ಲ. ಶುರುವಿನಲ್ಲೇ ಸಿಗುವ ಮೇನ್ ಅನ್ನುವುದೂ ಬೇರೆಲ್ಲ ಬ್ರಾಂಚುಗಳ ಹಾಗೆ ಒಂದು ಬ್ರಾಂಚು. ಮೊದಲು ಅದನ್ನು ಮಾಸ್ಟರ್ ಅನ್ನುತ್ತಿದ್ದರು, 2020ರ ಅಕ್ಟೋಬರಿನಿಂದ ಗಿಟ್ ಪ್ರಾಜೆಕ್ಟುಗಳನ್ನು ಇಡುವ ಗಿಟ್‌ಹಬ್ ಜಾಲತಾಣದ ಹೊಸ ಪ್ರಾಜೆಕ್ಟುಗಳಲ್ಲಿ ಮೇನ್ ಅಂತ ಬರುತ್ತಿದೆ. ಕಮಾಂಡ್ ಲೈನ್‌ನಲ್ಲಿ ನಾವೇ ಒಂದು ಸಾಲಿನಲ್ಲಿ ಅದರ ಹೆಸರು ಬದಲಿಸಬಹುದು. ಅದು ದಪ್ಪ, ಉಳಿದದ್ದು ಸಣ್ಣ ಅನ್ನುವುದು ನಾವು ನಾವೇ ಮಾಡಿಕೊಂಡ ಒಪ್ಪಂದ, ಗಿಟ್‌ನ ನಿಯಮ ಅಲ್ಲ. ಕೊಂಬೆ ಅಂತ ಬರೆದರೆ ಓದುವವರು ಸಹಜವಾಗಿ ಬೊಡ್ಡೆ ಹುಡುಕುತ್ತಾರೆ. ಇಲ್ಲದ್ದನ್ನು ಹುಡುಕಲು ಹಚ್ಚುವ ಪದ ನನಗೆ ಬೇಡ.

ಹಾಗಾಗಿ ‘ಕವಲು’ ನನಗೆ ಇಷ್ಟವಾಯಿತು. ಹಳಗನ್ನಡದ ಕವಲ್, ಇವತ್ತಿಗೂ ಬಾಯಲ್ಲಿ ಇರುವ ಪದ. ಕವಲುದಾರಿ ಅಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ಕವಲುದಾರಿಯಲ್ಲಿ ಎರಡೂ ದಾರಿಗಳು ಸಮ, ಇದು ತಾಯಿ, ಅದು ಮಗು ಅಂತ ಇಲ್ಲ. ಜೊತೆಗೆ ‘ಕವಲೊಡೆ’ ಅನ್ನುವ ಒಳ್ಳೆಯ ಕ್ರಿಯಾಪದವೂ ಪುಕ್ಕಟೆಯಾಗಿ ಸಿಗುತ್ತದೆ. “ಇಲ್ಲಿಂದ ಕೋಡ್ ಕವಲೊಡೆಯುತ್ತದೆ” ಅನ್ನುವ ವಾಕ್ಯ ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ಇಷ್ಟಕ್ಕೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ‘ಗಿಟ್ ಬ್ರಾಂಚ್ ಬಿಲ್’ ಅಂತ ಟೈಪ್ ಮಾಡಿದ್ದೀರಿ ಅಂತಿಟ್ಟುಕೊಳ್ಳಿ. ಬಿಲ್ ಅನ್ನುವ ಬ್ರಾಂಚ್ ಆಯಿತು. ಆದರೆ ಏನಾದರೂ ಕವಲೊಡೆಯಿತೇ? ಇಲ್ಲ. ನೀವು ನಿಂತಿದ್ದ ಕಮಿಟ್‌ಗೆ, ಅಂದರೆ ಗಿಟ್ ಉಳಿಸಿಟ್ಟ ಆ ಹಂತದ ಕೆಲಸಕ್ಕೆ, ಇನ್ನೊಂದು ಹೆಸರು ಅಂಟಿತು, ಅಷ್ಟೇ. ಮೇನ್ ಮತ್ತು ಬಿಲ್ ಎರಡೂ ಒಂದೇ ಕಮಿಟ್‌ನ ಮೇಲೆ ಕೂತಿವೆ. ಬಿಲ್ ಕಡೆಗೆ ಹೋಗಿ ಹೊಸ ಕಮಿಟ್ ಮಾಡಿದರೂ ಚರಿತ್ರೆ ಒಂದೇ ಗೆರೆ, ಬಿಲ್ ಹೆಸರು ಒಂದು ಹೆಜ್ಜೆ ಮುಂದೆ ಸರಿದಿರುತ್ತದೆ. ಆಮೇಲೆ ಮೇನ್‌ನಲ್ಲೂ ಬೇರೆಯದೊಂದು ಕಮಿಟ್ ಆದರೆ ಮಾತ್ರ ನಿಜವಾದ ಕವಲು ಹುಟ್ಟುತ್ತದೆ. ಅಂದರೆ ಬ್ರಾಂಚ್ ಅನ್ನುವ ಕಮಾಂಡು ಕವಲು ಮಾಡುವುದಿಲ್ಲ, ಹೆಸರು ಇಡುತ್ತದೆ. ಕವಲು ಹುಟ್ಟುವುದು ಕಮಿಟ್‌ನಿಂದ.

ಕಂಪ್ಯೂಟರಿನೊಳಗೆ ನೋಡಿದರೂ ಹಾಗೇ. ಗಿಟ್ ಫೋಲ್ಡರಿನ ಒಳಗೆ ರೆಫ್ಸ್, ಅದರೊಳಗೆ ಹೆಡ್ಸ್ ಅಂತ ಫೋಲ್ಡರ್ ಇದೆ. ಸಾಮಾನ್ಯವಾಗಿ ಅಲ್ಲಿ ಒಂದೊಂದು ಬ್ರಾಂಚಿಗೂ ಒಂದೊಂದು ಪುಟ್ಟ ಫೈಲು. ಅದರಲ್ಲಿ ಇರುವುದು ಕಮಿಟ್‌ನ 40 ಅಕ್ಷರದ ಸಂಖ್ಯೆ, ಕೊನೆಗೆ ಹೊಸ ಸಾಲಿನ ಗುರುತು. ಒಟ್ಟು 41 ಬೈಟ್. ಸಬ್‌ವರ್ಷನ್‌ನಿಂದ ಬಂದವರು ಇದನ್ನು ಕಂಡು ಬೆರಗಾಗುತ್ತಾರೆ. ಹೊಸ ಮಕ್ಕಳಿಗೂ ಆ ಫೈಲನ್ನು ತೆರೆದು ತೋರಿಸಬೇಕು ಅಂತ ನನ್ನ ಹಟ.

ಇಂಗ್ಲಿಷಿನವರು ಕವಲಿಗೂ ಬ್ರಾಂಚ್ ಅನ್ನುತ್ತಾರೆ, ಈ 41 ಬೈಟಿನ ಹೆಸರಿಗೂ ಬ್ರಾಂಚ್ ಅನ್ನುತ್ತಾರೆ. ನಾವೂ ಎರಡಕ್ಕೂ ಒಂದೇ ಪದ ಇಡಬೇಕೇ? ಬೇಡ ಅನ್ನುವುದು ನನ್ನ ನಿಲುವು. ಚರಿತ್ರೆಯಲ್ಲಿ ಕಾಣುವ ಆಕಾರಕ್ಕೆ ‘ಕವಲು’ ಇರಲಿ. ಹೆಸರಿಗೆ ‘ತುದಿಗುರುತು’ ಅಂತ ಯೋಚಿಸಿದ್ದೇನೆ, ಯಾಕೆಂದರೆ ಅದು ಯಾವಾಗಲೂ ಕೊನೆಯ ಕಮಿಟ್‌ನ ಮೇಲೆ ಇರುತ್ತದೆ, ಹೊಸ ಕಮಿಟ್ ಆದಂತೆ ತಾನೂ ಮುಂದಕ್ಕೆ ಹೋಗುತ್ತದೆ. ಒಂದು ಕಮಿಟ್‌ಗೆ ಅಂಟಿಸಿ ಇಟ್ಟಲ್ಲೇ ಇರುವ ಟ್ಯಾಗ್ ಅನ್ನುವ ಹೆಸರಿಗೆ ಬರೀ ‘ಗುರುತು’ ಸಾಕು. ‘ಎಳೆ’ ಅಂತಲೂ ಸ್ನೇಹಿತರೊಬ್ಬರು ಸೂಚಿಸಿದರು. ಚೆಂದದ ಪದವೇ, ಆದರೆ ಕಂಪ್ಯೂಟರ್ ಬರವಣಿಗೆಯಲ್ಲಿ ಅದನ್ನು ಥ್ರೆಡ್‌ಗೆ ಬಳಸುವವರಿದ್ದಾರೆ.

ಇದು ಸುಮ್ನೆ ಪದದ ಗೀಳು ಅಲ್ಲ. ತರಗತಿಯಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಸರ್, ಬ್ರಾಂಚ್ ಡಿಲೀಟ್ ಮಾಡಿಬಿಟ್ಟೆ, ಬರೆದಿದ್ದೆಲ್ಲ ಹೋಯ್ತೇನ್ರಿ?” ಮುಖದಲ್ಲಿ ಗಾಬರಿ ಇರುತ್ತದೆ. ಕೊಂಬೆ ಕಡಿದರೆ ಎಲೆ, ಕಾಯಿ ಎಲ್ಲ ಹೋಗುತ್ತವೆ, ಹಾಗಾಗಿ ಕೋಡೂ ಹೋಯಿತು ಅನ್ನಿಸುವುದು ಸಹಜ. ನಿಜದಲ್ಲಿ ಹೋದದ್ದು ತುದಿಗುರುತು ಮಾತ್ರ. ಕಮಿಟ್‌ಗಳು ಇನ್ನೂ ಅಲ್ಲೇ ಇರುತ್ತವೆ. ‘ಗಿಟ್ ಬ್ರಾಂಚ್’ ಕಮಾಂಡಿಗೆ ಸಣ್ಣ ಡಿ ಹಾಕಿ ಅಳಿಸಲು ಹೋದರೆ ಗಿಟ್ ಮೊದಲು ಪರೀಕ್ಷೆ ಮಾಡುತ್ತದೆ. ಆ ಕೆಲಸ ಬೇರೆ ಕಡೆ ಇನ್ನೂ ಸೇರಿಲ್ಲ ಅಂದರೆ ಒಪ್ಪುವುದಿಲ್ಲ. ಕ್ಯಾಪಿಟಲ್ ಡಿ ಹಾಕಿದರೆ ಕೇಳದೆ ತೆಗೆಯುತ್ತದೆ, ಆದರೆ ತೆಗೆದ ಮೇಲೆ ಆ ಗುರುತು ಯಾವ ಕಮಿಟ್‌ನ ಮೇಲಿತ್ತು ಅಂತ ಅದರ ಸಂಖ್ಯೆಯ ಮೊದಲ ಕೆಲವು ಅಕ್ಷರಗಳನ್ನು ಪರದೆಯ ಮೇಲೆ ಬರೆಯುತ್ತದೆ. ಆ ಅಕ್ಷರಗಳನ್ನು ಹಿಡಿದು ಮತ್ತೆ ‘ಗಿಟ್ ಬ್ರಾಂಚ್’ ಕೊಟ್ಟರೆ ಗುರುತು ವಾಪಸ್ ಬರುತ್ತದೆ. ಪರದೆ ಮುಚ್ಚಿಬಿಟ್ಟಿದ್ದರೂ, ನಾವು ಯಾವ ಯಾವ ಕಮಿಟ್‌ನಲ್ಲಿ ನಿಂತಿದ್ದೆವು ಅಂತ ತೋರಿಸುವ ‘ಗಿಟ್ ರೆಫ್‌ಲಾಗ್’ ಇದೆ. ಯಾವ ಗುರುತಿನಿಂದಲೂ ತಲುಪಲಾಗದ ಕಮಿಟ್‌ಗಳ ದಾಖಲೆಯನ್ನು ಅದು ಮಾಮೂಲಿ ಸೆಟ್ಟಿಂಗ್‌ನಲ್ಲಿ 30 ದಿನ ಇಟ್ಟುಕೊಂಡಿರುತ್ತದೆ. ಕೈಪಿಡಿಯಲ್ಲಿ “ಕವಲನ್ನು ಅಳಿಸು” ಅಂತ ಬರೆದರೆ ಈ ಗಾಬರಿಯನ್ನು ನಾವೇ ಕಲಿಸಿದ ಹಾಗಾಗುತ್ತದೆ. “ತುದಿಗುರುತು ತೆಗೆ” ಅಂದರೆ ಏನು ಹೋಯಿತು, ಏನು ಉಳಿಯಿತು ಅನ್ನುವುದು ಆ ಮಾತಿನಲ್ಲೇ ಇದೆ.

ಇನ್ನು ಮರ್ಜ್, ಅಂದರೆ ಒಂದು ಬ್ರಾಂಚಿನ ಕೆಲಸವನ್ನು ಇನ್ನೊಂದಕ್ಕೆ ತರುವುದು. ಪತ್ರಿಕೆಗಳಲ್ಲಿ ‘ವಿಲೀನ’ ಓದಿ ಓದಿ ಅದೇ ಮೊದಲು ಬಾಯಿಗೆ ಬರುತ್ತದೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಜೊತೆ ವಿಲೀನವಾಯಿತು, ಅದರ ಹೆಸರು ಅಲ್ಲಿಗೆ ಮುಗಿಯಿತು. ಗಿಟ್‌ನಲ್ಲಿ ಹಾಗೆ ಆಗುವುದಿಲ್ಲ. ಮರ್ಜ್ ಆದ ಮೇಲೂ ಬಿಲ್ ಅನ್ನುವ ಗುರುತು ಇರುತ್ತದೆ, ಅದರ ಕಮಿಟ್‌ಗಳು ಬೇರೆಯಾಗಿ ಕಾಣುತ್ತವೆ. ಕೂಡಿದ ಜಾಗದಲ್ಲಿ ಹುಟ್ಟುವ ಮರ್ಜ್ ಕಮಿಟ್‌ಗೆ ಇಬ್ಬರು ಹೆತ್ತವರು, ಅಂದರೆ ಅದರ ಹಿಂದೆ ಎರಡು ಕಮಿಟ್‌ಗಳು. ಶಿವಮೊಗ್ಗದ ಹತ್ತಿರ ತುಂಗೆ ಮತ್ತು ಭದ್ರೆ ಸೇರುವ ಊರಿಗೆ ನಮ್ಮ ಹಿರಿಯರು ಕೂಡಲಿ ಅಂದರು. ಅಲ್ಲಿಂದ ಮುಂದೆ ಹರಿಹರಕ್ಕೆ ಬರುವ ಹೊಳೆ ಎರಡೂ ಹೆಸರು ಹೊತ್ತು ತುಂಗಭದ್ರೆಯಾಗಿ ಬರುತ್ತದೆ. ಮರ್ಜ್ ಕಮಿಟ್ ನನಗೆ ಹಾಗೆ ಕಾಣುತ್ತದೆ. ಅದಕ್ಕೇ ‘ಕೂಡಿಸು’, ನಾಮಪದಕ್ಕೆ ‘ಕೂಡಿಕೆ’. ಗಣಿತದ ಕೂಡಿಸುವ ಲೆಕ್ಕ ನೆನಪಾಗುತ್ತದೆ ಅನ್ನುವವರು ‘ಸೇರಿಸು’ ಅನ್ನಬಹುದು, ಅದಕ್ಕೂ ನನ್ನ ತಕರಾರಿಲ್ಲ. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿಸಿದರು ಅಂತಲೇ ನಾವು ಅನ್ನುವುದು. ಹರಪನಹಳ್ಳಿ ಹರಪನಹಳ್ಳಿಯಾಗಿಯೇ ಇತ್ತು.

ಇಲ್ಲಿ ಕನ್ನಡದ ವಿಭಕ್ತಿ ಒಂದು ದೊಡ್ಡ ಉಪಕಾರ ಮಾಡುತ್ತದೆ. ‘ಗಿಟ್ ಮರ್ಜ್ ಬಿಲ್’ ಅಂದಾಗ ಯಾವುದು ಯಾವುದರೊಳಗೆ ಬರುತ್ತದೆ? ಕಮಾಂಡಿನಲ್ಲಿ ಅದರ ಸುಳಿವಿಲ್ಲ. ಕಲಿಯುವವರು ಎಡವುವುದೇ ಇಲ್ಲಿ. ಮೇನ್‌ನಲ್ಲಿ ನಿಂತು ಕೊಡಬೇಕಾದ್ದನ್ನು ಬಿಲ್‌ನಲ್ಲಿ ನಿಂತು ಕೊಡುತ್ತಾರೆ. “ನಿಂತ ಕವಲಿಗೆ ಹೇಳಿದ ಕವಲನ್ನು ಕೂಡಿಸು” ಅಂತ ಒಂದು ಸಾಲು ಕೊಟ್ಟರೆ ‘ಗೆ’ ಮತ್ತು ‘ಅನ್ನು’ ಎರಡೂ ಸೇರಿ ದಿಕ್ಕು ತೋರಿಸುತ್ತವೆ. “ಎರಡನ್ನೂ ಮರ್ಜ್ ಮಾಡು” ಅಂತ ಹೇಳಿಕೊಡುವುದನ್ನು ಮೇಷ್ಟ್ರುಗಳು ಬಿಡಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಆ ಮಾತಿನಲ್ಲಿ ದಿಕ್ಕೇ ಇಲ್ಲ.

ಕಾನ್‌ಫ್ಲಿಕ್ಟ್‌ಗೆ ‘ಸಂಘರ್ಷ’, ‘ಘರ್ಷಣೆ’ ಬೇಡ, ಊರಲ್ಲಿ ಗಲಾಟೆ ಆದಂತೆ ಕೇಳುತ್ತದೆ. ಒಂದೇ ಸಾಲನ್ನು ಎರಡು ಕಡೆ ಬೇರೆ ಬೇರೆ ರೀತಿ ತಿದ್ದಿದಾಗ ಗಿಟ್ ನಿಂತು, ಯಾವುದು ಸರಿ ನೀವೇ ಹೇಳಿ ಅನ್ನುತ್ತದೆ. ಅದು ‘ತಕರಾರು’. ತಕರಾರು ಬಗೆಹರಿಸು ಅಂದರೆ ಮುಂದಿನ ಕೆಲಸವೂ ತಿಳಿಯುತ್ತದೆ. ಕಮಿಟ್, ಪುಶ್ (ಕೆಲಸವನ್ನು ಬೇರೆ ಕಂಪ್ಯೂಟರಿಗೆ ಕಳಿಸುವುದು), ಹೆಡ್ (ಈಗ ನಾವು ನಿಂತಿರುವ ಜಾಗ) ಇವನ್ನು ಹಾಗೇ ಬಿಟ್ಟಿದ್ದೇನೆ.

ನನಗೆ ಇನ್ನೂ ಸಿಗದೆ ಉಳಿದಿರುವುದು ಒಂದು ಬ್ರಾಂಚಿನಿಂದ ಇನ್ನೊಂದಕ್ಕೆ ಕರೆದೊಯ್ಯುವ ಸ್ವಿಚ್ ಕಮಾಂಡಿಗೆ ಒಂದು ಪದ. ಹಳೆಯ ಚೆಕ್‌ಔಟ್ ಕಮಾಂಡು ಎರಡು ಕೆಲಸ ಮಾಡುತ್ತಿತ್ತು. ಬೇರೆ ಬ್ರಾಂಚಿಗೂ ಕರೆದೊಯ್ಯುತ್ತಿತ್ತು, ಫೈಲನ್ನು ಹಳೆಯ ಸ್ಥಿತಿಗೂ ತರುತ್ತಿತ್ತು. ಈಗಲೂ ಮಾಡುತ್ತದೆ. ಗೊಂದಲ ಕಡಿಮೆಯಾಗಲಿ ಅಂತ 2019ರ ಆಗಸ್ಟಿನಲ್ಲಿ ಬಂದ 2.23ನೇ ಆವೃತ್ತಿಯಲ್ಲಿ ಸ್ವಿಚ್ ಮತ್ತು ರಿಸ್ಟೋರ್ ಅಂತ ಎರಡು ಕಮಾಂಡು ಮಾಡಿದರು. ರಿಸ್ಟೋರ್‌ಗೆ ‘ಮರಳಿಸು’ ಸರಿ. ಸ್ವಿಚ್‌ಗೆ ‘ಕವಲು ಬದಲಿಸು’ ಅಂದರೆ ಕವಲನ್ನೇ ತಿದ್ದಿದ ಅರ್ಥ ಬರುತ್ತದೆ. ‘ಕವಲಿಗೆ ಹೋಗು’ ಸರಿಯಾಗಿದೆ, ಆದರೆ ಹೋಗು ಎಲ್ಲಾ ಕಡೆ ಬರುವ ಪದ, ಕೈಪಿಡಿಯಲ್ಲಿ ಎದ್ದು ಕಾಣುವುದಿಲ್ಲ. ನಮ್ಮ ಕಡೆ ದಾರಿ ಹೇಳುವಾಗ “ಅಲ್ಲಿ ಎಡಕ್ಕೆ ಹೊರಳ್ರಿ” ಅನ್ನುತ್ತಾರೆ. “ಬಿಲ್ ಕವಲಿಗೆ ಹೊರಳು” ಅಂತ ಬರೆಯಬಹುದೇ? ಹಳೇ ಮೈಸೂರು ಮತ್ತು ಕರಾವಳಿಯ ಓದುಗರಿಗೆ ಹೊರಳು ಅಂದರೆ ನೆಲದ ಮೇಲೆ ಉರುಳುವುದಷ್ಟೇ ನೆನಪಾಗುತ್ತದೆಯೇ, ಅಥವಾ ತಿರುಗು ಅನ್ನುವ ಅರ್ಥವೂ ಹೊಳೆಯುತ್ತದೆಯೇ? ಅದನ್ನು ಆ ಕಡೆಯವರು ತಿಳಿಸಬೇಕು. ಹಿರಿಯೂರು, ಹೊಸದುರ್ಗ, ಮೊಳಕಾಲ್ಮೂರು ಕಡೆಯವರು ದಾರಿ ಕವಲೊಡೆಯುವ ಜಾಗದಲ್ಲಿ ಇನ್ನೊಂದು ದಾರಿ ಹಿಡಿಯುವುದಕ್ಕೆ ಬೇರೆ ಪದ ಬಳಸುತ್ತಿದ್ದರೆ ಅದನ್ನೂ ಬರೆಯಿರಿ.